ನೋಟಿನ ಮುದ್ರಣಾಲಯದ ಜಮಾ-ಖರ್ಚು

ಕಳೆದ ತಿಂಗಳ ಎರಡನೆಯ ಭಾನುವಾರ ನಮ್ಮ ವಾಚನಾಲಯದ ಮೇಜಿನ ಮೇಲೆ ಒಂದು ಹರಿದ ನೂರರ ನೋಟು ಬಂದು ಬಿತ್ತು. ತಂದವರು ವಿಜಾಪುರದ ಕಡೆಯ ಹಿರಿಯರೊಬ್ಬರು, ಕಟ್ಟಡದ ಕೆಲಸದಲ್ಲಿರುವವರು. ಮೂಲೆ ಹೋದ ಆ ನೋಟನ್ನು ಅಂಗಡಿಯವನು ಮುಟ್ಟಲಿಲ್ಲವೆಂದು ಅವರಿಗೆ ಸಿಟ್ಟು ಬಂದಿತ್ತು. "ಅಲ್ರೀ ಸರ, ನೋಟ ಹೊಡಿಯೂ ಮಶೀನ ಸರಕಾರದ ಮನಿಯಾಗ ಐತಿ. ಹರದದ್ದಕ್ಕ ಹೊಸಾದು ಕೊಡಾಕ ಏನ ಅಡ್ಡಿ? ಅದ ಹೋಗ್ಲಿ, ಬೇಕಾದಷ್ಟ ಹೊಡದು ನಮ್ಮ ಪಗಾರ ಹೆಚ್ಚ ಮಾಡಾಕ ಏನ ಧಾಡಿ?" ಎಂದು ಕೇಳಿದರು.

ಅಲ್ಲಿ ಕುಳಿತಿದ್ದವರೆಲ್ಲ ನಕ್ಕರು. ಆದರೆ ನಕ್ಕವರಲ್ಲಿ ಒಬ್ಬರಿಗೂ ಸರಿಯಾದ ಉತ್ತರ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. "ಓದಿ ತಿಳಕೊಂಡು ಬರೀತೀನಿ, ಕಾಕಾ" ಎಂದೆ. ಹರಿದ ನೋಟಿನ ಮಟ್ಟಿಗೆ ಏನು ಮಾಡಬೇಕೆಂಬುದನ್ನು ಅವರಿಗೆ ಅಂದೇ ಹೇಳಿ ಕಳುಹಿಸಿದೆನು. ಅದನ್ನು ಕಡೆಯಲ್ಲಿ ಬರೆಯುತ್ತೇನೆ. ಉಳಿದುದಕ್ಕಾಗಿ ಓದುತ್ತ ಹೋದಂತೆ ನನಗೆ ಒಂದು ಸಂಗತಿ ಮನದಟ್ಟಾಯಿತು. ನೋಟು ಅಚ್ಚು ಹಾಕುವುದೆಂದರೆ ಶಾಯಿ, ಕಾಗದ, ಯಂತ್ರಗಳ ಕೆಲಸವೆಂದು ನಾವು ತಿಳಿದಿದ್ದೇವೆ. ನಿಜ ನೋಡಿದರೆ ಅದು ಮೊದಲಿನಿಂದ ಕಡೆಯವರೆಗೂ ಎಣಿಕೆಯ ಕೆಲಸ, ಖಿರ್ದಿ ಬರೆಯುವವನ ಕೆಲಸ.

ಮುಂಬಯಿಯಿಂದ ಉತ್ತರದ ಕಡೆಗೆ ರೈಲು ಹಿಡಿದವರು ನಾಸಿಕ ರೋಡ್ ಸ್ಟೇಷನ್ನನ್ನು ಕಂಡೇ ಇರುತ್ತಾರೆ. ನಮ್ಮ ದೇಶದ ನೋಟು ನಮ್ಮ ನೆಲದಲ್ಲಿ ಅಚ್ಚಾಗತೊಡಗಿದ್ದು ಆ ಊರಿನಲ್ಲಿ, ೧೯೨೮ರಲ್ಲಿ. ಅದಕ್ಕೂ ಮೊದಲು, ೧೮೬೧ರ ಕಾಗದದ ನಾಣ್ಯದ ಕಾಯಿದೆಯಿಂದ ನೋಟು ಹೊರಡಿಸುವ ಹಕ್ಕು ಸರ್ಕಾರಕ್ಕೆ ಬಂದಿದ್ದರೂ, ನೋಟುಗಳು ಇಂಗ್ಲೆಂಡಿನಲ್ಲಿ ಅಚ್ಚಾಗಿ ಹಡಗಿನಲ್ಲಿ ಬರುತ್ತಿದ್ದವು. ೧೯೩೨ರ ಹೊತ್ತಿಗೆ ಎಲ್ಲ ಬೆಲೆಯ ನೋಟುಗಳೂ ನಾಸಿಕದಲ್ಲೇ ಆಗುವಂತಾಯಿತು. ೧೯೩೫ರ ಏಪ್ರಿಲ್ ಒಂದರಂದು ರಿಸರ್ವ್ ಬ್ಯಾಂಕು ಹುಟ್ಟಿತು. ಅದರ ಹೆಸರಿನ ಮೊದಲ ನೋಟು, ಐದು ರೂಪಾಯಿಯದು, ೧೯೩೮ರ ಜನವರಿಯಲ್ಲಿ ಹೊರಬಂದಿತು. ಜನ ಹೆಚ್ಚಿದರು, ವ್ಯಾಪಾರ ಹೆಚ್ಚಿತು, ನಾಸಿಕ ಒಂದೇ ಸಾಲದಾಯಿತು. ೧೯೭೦ರ ದಶಕದಲ್ಲಿ ಮಧ್ಯಪ್ರದೇಶದ ದೇವಾಸದಲ್ಲಿ ಎರಡನೆಯ ಮುದ್ರಣಾಲಯ ಬಂತು. ಈ ಎರಡೂ ಕೇಂದ್ರ ಸರ್ಕಾರಕ್ಕೆ ಸೇರಿದವು. ೨೦೦೬ರಿಂದ ಸರ್ಕಾರದ ಒಂದು ನಿಗಮದ ಕೈಯಲ್ಲಿವೆ.

ಇಷ್ಟಾದರೂ ಸಾಲಲಿಲ್ಲ. ೧೯೯೦ರ ದಶಕದಲ್ಲಿ ಸಂತೆಗೆ ಹೋದ ಯಾರನ್ನು ಬೇಕಾದರೂ ಕೇಳಿ, ಒಂದು ಎರಡರ ನೋಟುಗಳು ಎಷ್ಟು ಜೀರ್ಣವಾಗಿ ಕೈಯಿಂದ ಕೈಗೆ ಬರುತ್ತಿದ್ದವೆಂದು ಹೇಳಿಯಾರು. ಯಂತ್ರಗಳಿಗೆ ಬಿಡುವು ಮಾಡಿಕೊಡುವುದಕ್ಕಾಗಿಯೇ ೧೯೯೪-೯೫ರಲ್ಲಿ ಒಂದು, ಎರಡು, ಐದರ ನೋಟುಗಳ ಮುದ್ರಣವನ್ನು ನಿಲ್ಲಿಸಿ ನಾಣ್ಯಗಳನ್ನು ಹೆಚ್ಚಿಸಿದರು. (ಒಂದು ರೂಪಾಯಿಯ ನೋಟು ೨೦೧೫ರಲ್ಲಿ ಮರಳಿ ಬಂತು. ಅದು ಇಂದಿಗೂ ರಿಸರ್ವ್ ಬ್ಯಾಂಕಿನದಲ್ಲ, ಭಾರತ ಸರ್ಕಾರದ್ದು. ಅದರ ಮೇಲೆ ಗವರ್ನರರ ರುಜುವಿರದೆ ಹಣಕಾಸು ಕಾರ್ಯದರ್ಶಿಗಳ ರುಜು ಇರುತ್ತದೆ. ಕೈಗೆ ಸಿಕ್ಕಾಗ ನೋಡಿ.) ಅಷ್ಟಕ್ಕೂ ಕೊರತೆ ತೀರದೆ ೧೯೯೭-೯೮ರಲ್ಲಿ ೩೬೦ ಕೋಟಿ ನೋಟುಗಳನ್ನು, ಅಂದರೆ ಒಂದು ಲಕ್ಷ ಕೋಟಿ ರೂಪಾಯಿ ಬೆಲೆಯದನ್ನು, ಅಮೆರಿಕ, ಬ್ರಿಟನ್, ಜರ್ಮನಿಗಳಲ್ಲಿ ಅಚ್ಚು ಹಾಕಿಸಿ ತರಬೇಕಾಯಿತು. ತನ್ನ ಹಣವನ್ನು ತಾನು ಪರರ ಮನೆಯಲ್ಲಿ ಅಚ್ಚು ಹಾಕಿಸುವುದೆಂದರೆ ಕಪಾಟಿನ ಬೀಗದ ಕೈಯನ್ನು ನೆರೆಯವನಿಗೆ ಕೊಟ್ಟಂತೆ. ಪಾರ್ಲಿಮೆಂಟಿನ ಸಮಿತಿಯೊಂದು ಆ ಕ್ರಮವನ್ನು ಮುಂದೆ ಕಟುವಾಗಿ ಟೀಕಿಸಿತು.

ಇದರ ಮಧ್ಯೆ ರಿಸರ್ವ್ ಬ್ಯಾಂಕು ೧೯೯೫ರಲ್ಲಿ ಪೂರ್ತಿ ತನ್ನದೇ ಆದ ಒಂದು ಮುದ್ರಣ ಕಂಪೆನಿಯನ್ನು ಕಟ್ಟಿತು. ೧೯೯೬ರಲ್ಲಿ ನಮ್ಮ ಮೈಸೂರಿನಲ್ಲಿಯೂ ಪಶ್ಚಿಮ ಬಂಗಾಳದ ಸಾಲ್ಬೋನಿಯಲ್ಲಿಯೂ ಅದರ ಮುದ್ರಣಾಲಯಗಳು ಕೆಲಸ ಆರಂಭಿಸಿದವು. ಎರಡು ಪಾಳಿ ನಡೆಸಿದರೆ ಈ ಎರಡೂ ಕೂಡಿ ವರ್ಷಕ್ಕೆ ೧,೬೦೦ ಕೋಟಿ ನೋಟುಗಳನ್ನು ಅಚ್ಚು ಹಾಕಬಲ್ಲವು. ಈ ಅಂಕಿಯನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಇನ್ನು ಕಾಗದದ ವಿಚಾರ. ಇದನ್ನು ಓದಿದಾಗ ನನಗೆ ಆದ ಸಂತೋಷವನ್ನು ಗಿರಣಿಯಲ್ಲಿ ದುಡಿಯುವವರು ಬೇಗ ತಿಳಿದಾರು. ನಾವು ಕಾಗದ ಕಾಗದ ಎನ್ನುತ್ತೇವೆಯೇ ಹೊರತು ನೋಟಿನಲ್ಲಿ ಮರದ ತಿರುಳಿಲ್ಲ, ಅದು ಹತ್ತಿಯದು. ನೂಲಿನ ಗಿರಣಿಯಲ್ಲಿ ನಯವಾದ ನೂಲಿಗಾಗಿ ಹತ್ತಿಯನ್ನು ಕೋಂಬರ್ ಯಂತ್ರದಲ್ಲಿ ಬಾಚುವುದುಂಟು. ಉದ್ದದ ಎಳೆಗಳು ಮುಂದಕ್ಕೆ ಹೋಗುತ್ತವೆ, ಗಿಡ್ಡ ಎಳೆಗಳು ಕೆಳಗೆ ಬೀಳುತ್ತವೆ. ಹೀಗೆ ಬಿದ್ದದ್ದನ್ನು ನಾವು ಕೋಂಬರ್ ವೇಸ್ಟ್ ಎಂದು ಬರೆದು ತೂಗಿ ಮಾರುತ್ತೇವೆ. ನೋಟಿನ ಕಾಗದದ ಗಿರಣಿಗಳು ಕೊಳ್ಳುವುದು ಇದನ್ನೇ. ವೇಸ್ಟ್ ಎಂಬ ಕಾಲಮಿನಲ್ಲಿ ನಾನು ಎಷ್ಟೋ ವರ್ಷ ಬರೆದ ವಸ್ತು ಎಲ್ಲೋ ಗಾಂಧೀಜಿಯವರ ಚಿತ್ರ ಹೊತ್ತು ಸಂಬಳದ ದಿನ ಎಣಿಕೆಗೆ ನನ್ನ ಮುಂದೆಯೇ ಬಂದಿದ್ದರೂ ಬಂದಿರಬಹುದು! ಒದ್ದೆಯಾದ ನೋಟು ಮುದ್ದೆಯಾಗದೆ ಒಣಗಿ ಮತ್ತೆ ಮೊದಲಿನಂತಾಗುವುದು, ಅಂಗಿಯ ಜೇಬಿನಲ್ಲಿದ್ದು ಒಗೆತಕ್ಕೆ ಹೋದರೂ ಉಳಿಯುವುದು ಈ ಹತ್ತಿಯಿಂದ.

ಈ ಕಾಗದವನ್ನು ಮಾಡುವಾಗಲೇ ಅರ್ಧ ರಕ್ಷಣೆಯನ್ನು ಅದರೊಳಗೆ ಇಟ್ಟುಬಿಡುತ್ತಾರೆ. ತಿರುಳು ತುಂಬಿದ ತೊಟ್ಟಿಯಲ್ಲಿ ತಂತಿಬಲೆಯ ಒಂದು ಉರುಳೆ ತಿರುಗುತ್ತದೆ. ಬಲೆಯ ಮೇಲೆ ಚಿತ್ರದ ಉಬ್ಬುತಗ್ಗುಗಳಿರುತ್ತವೆ. ತಗ್ಗಿನಲ್ಲಿ ತಿರುಳು ದಪ್ಪವಾಗಿ, ಉಬ್ಬಿನ ಮೇಲೆ ತೆಳ್ಳಗೆ ಕೂಡುತ್ತದೆ. ನೋಟನ್ನು ಬೆಳಕಿಗೆ ಹಿಡಿದಾಗ ಬಿಳಿಯ ಜಾಗದಲ್ಲಿ ಕಾಣುವ ಗಾಂಧೀಜಿಯವರ ಮುಖ ಶಾಯಿಯಿಂದ ಬರೆದದ್ದಲ್ಲ, ಕಾಗದದ ದಪ್ಪ-ತೆಳುವಿನಿಂದ ಆದದ್ದು. ಆದುದರಿಂದಲೇ ಖೋಟಾ ನೋಟಿನವನಿಗೆ ಅದು ಸುಲಭವಾಗಿ ಸಿಕ್ಕುವುದಿಲ್ಲ. ಹೊಳೆಯುವ ಎಳೆಯನ್ನೂ ಕಾಗದ ಹಸಿಯಿರುವಾಗಲೇ ಒಳಗೆ ಹಾಯಿಸುತ್ತಾರೆ. ಮಧ್ಯಪ್ರದೇಶದ ಹೋಶಂಗಾಬಾದಿನ (೨೦೨೨ರಿಂದ ಆ ಊರಿಗೆ ನರ್ಮದಾಪುರಮ್ ಎಂದು ಹೆಸರು) ಗಿರಣಿ ೧೯೬೦ರ ದಶಕದ ಕೊನೆಯಿಂದ ಇಂಥ ಕಾಗದವನ್ನು ಮಾಡುತ್ತ ಬಂದಿದೆ. ಆದರೂ ಬಹಳ ವರ್ಷ ಹೆಚ್ಚಿನ ಕಾಗದ ಹೊರದೇಶದಿಂದಲೇ ಬರುತ್ತಿತ್ತು. ಮೈಸೂರಿನಲ್ಲಿ ವರ್ಷಕ್ಕೆ ೧೨,೦೦೦ ಟನ್ ಕಾಗದ ಮಾಡಬಲ್ಲ ಹೊಸ ಗಿರಣಿ ೨೦೧೫ರ ಸುಮಾರಿಗೆ ಕೆಲಸಕ್ಕೆ ತೊಡಗಿದ ಮೇಲೆ ಆ ಪರಾವಲಂಬನೆ ಬಹುಮಟ್ಟಿಗೆ ತಗ್ಗಿತು. ೨೦೨೨ರ ಮಾರ್ಚಿಯಲ್ಲಿ ಅದೇ ಊರಿನಲ್ಲಿ ವರ್ಷಕ್ಕೆ ೧,೫೦೦ ಟನ್ ಶಾಯಿ ತಯಾರಿಸುವ 'ವರ್ಣಿಕಾ' ಎಂಬ ಕಾರ್ಖಾನೆಯೂ ಆಯಿತು. ಹೀಗೆ ಕಾಗದ, ಶಾಯಿ, ಅಚ್ಚು ಮೂರೂ ಈಗ ಮೈಸೂರಿನಲ್ಲಿ ಆಗುತ್ತವೆ.

ಕಾಗದದ ಹಾಳೆ ಮುದ್ರಣಾಲಯಕ್ಕೆ ಬಂದಿತೆನ್ನಿ. ಒಂದೊಂದು ಹಾಳೆಯ ಮೇಲೂ ಸಾಲಾಗಿ ಅನೇಕ ನೋಟುಗಳು ಅಚ್ಚಾಗುತ್ತವೆ. ಮೊದಲು ಹಿನ್ನೆಲೆಯ ಬಣ್ಣ, ಸೂಕ್ಷ್ಮವಾದ ಗೆರೆಗಳು ಎರಡೂ ಮಗ್ಗುಲಲ್ಲಿ ಏಕಕಾಲಕ್ಕೆ ಬೀಳುತ್ತವೆ. ಮುಂಭಾಗದ ಬೆಲೆಯ ಅಂಕಿಯ ಅರ್ಧವೂ ಹಿಂಭಾಗದ ಅರ್ಧವೂ ಬೆಳಕಿಗೆ ಹಿಡಿದಾಗ ಕೂದಲೆಳೆಯಷ್ಟೂ ತಪ್ಪದೆ ಕೂಡಿಕೊಳ್ಳುವುದು ಹೀಗೆ ಒಟ್ಟಿಗೆ ಅಚ್ಚಾಗುವುದರಿಂದ. ಎರಡನೆಯದು ಕೆತ್ತನೆಯ ಅಚ್ಚು. ಲೋಹದ ತಗಡಿನಲ್ಲಿ ಆಳವಾಗಿ ಕೆತ್ತಿದ ಗೆರೆಗಳಲ್ಲಿ ಮಾತ್ರ ಶಾಯಿಯನ್ನು ಉಳಿಸಿ, ಮೇಲ್ಮೈಯನ್ನು ಒರೆಸಿ, ಭಾರಿ ಒತ್ತಡದಿಂದ ಕಾಗದವನ್ನು ಅದರ ಮೇಲೆ ಅದುಮುತ್ತಾರೆ. ಕಾಗದವೇ ಗೆರೆಯೊಳಕ್ಕೆ ಇಳಿದು ಶಾಯಿಯನ್ನು ಎತ್ತಿಕೊಂಡು ಬರುತ್ತದೆ. ನೂರು ಮತ್ತು ಅದಕ್ಕಿಂತ ಹೆಚ್ಚಿನ ನೋಟುಗಳ ಮೇಲೆ ಬೆರಳಾಡಿಸಿದರೆ ಗಾಂಧೀಜಿಯವರ ಚಿತ್ರ, ಅಶೋಕಸ್ತಂಭ, ಅಂಚಿನ ಓರೆಗೆರೆಗಳು ಉಬ್ಬಿ ತಗಲುವುದು ಇದರಿಂದಲೇ. ಕಣ್ಣು ಕಾಣದವರಿಗಾಗಿ ನೂರರಲ್ಲಿ ಒಂದು ತ್ರಿಕೋನವನ್ನೂ ಐನೂರರಲ್ಲಿ ಒಂದು ವೃತ್ತವನ್ನೂ ಹೀಗೆಯೇ ಉಬ್ಬಿಸಿರುತ್ತಾರೆ. ಕತ್ತಲೆಯ ಪಾಳಿಯಿಂದ ಹೊರಬೀಳುವವರಿಗೂ ಈ ಉಬ್ಬು ಒಳ್ಳೆಯ ಗುರುತು. ಈ ದಪ್ಪ ಶಾಯಿ ಬೇಗ ಆರುವುದಿಲ್ಲ. ಹಾಳೆಗಳನ್ನು ಇಟ್ಟು ಕಾಯಬೇಕು. ಅವಸರ ಮಾಡಿದರೆ ಒಂದರ ಶಾಯಿ ಇನ್ನೊಂದರ ಬೆನ್ನಿಗೆ ಅಂಟುತ್ತದೆ. ಮೂರನೆಯದು ಅಂಕಿ ಹಾಕುವುದು. ಆಮೇಲೆ ಕತ್ತರಿಸಿ, ನೂರರ ಕಟ್ಟು ಮಾಡಿ, ಹತ್ತು ಕಟ್ಟನ್ನು ಕೂಡಿಸಿ ಸಾವಿರದ ಪುಡಿಕೆ ಮಾಡುವುದು.

ಈಗ ಗುಮಾಸ್ತನ ಕೆಲಸಕ್ಕೆ ಬಂದೆವು. ಸಾಧಾರಣ ಮುದ್ರಣಾಲಯದಲ್ಲಿ ನಾಲ್ಕು ಹಾಳೆ ಕೆಟ್ಟರೆ ಬುಟ್ಟಿಗೆ ಹಾಕುತ್ತಾರೆ. ಇಲ್ಲಿ ಹಾಗೆ ನಡೆಯದು. ಕಾಗದದ ಗಿರಣಿಯಿಂದ ಎಷ್ಟು ಹಾಳೆ ಬಂದಿತೋ ಅಷ್ಟಕ್ಕೂ ಲೆಕ್ಕ ಬೇಕು. ಒಂದು ವಿಭಾಗದಿಂದ ಇನ್ನೊಂದಕ್ಕೆ ಹಾಳೆ ಹೋಗುವಾಗ ಕೊಟ್ಟವನು ಎಣಿಸಿ ಕೊಡಬೇಕು, ತೆಗೆದುಕೊಂಡವನು ಎಣಿಸಿ ತೆಗೆದುಕೊಳ್ಳಬೇಕು. ಒಳ್ಳೆಯದಿಷ್ಟು, ಕೆಟ್ಟದ್ದಿಷ್ಟು, ಕೂಡಿಸಿದರೆ ಬಂದದ್ದಿಷ್ಟು ಎಂದು ತಾಳೆಯಾಗಬೇಕು. ಒಳ್ಳೆಯ ನೋಟಿಗಿಂತ ಕೆಟ್ಟ ನೋಟಿನ ಮೇಲೆ ಹೆಚ್ಚು ಕಣ್ಣಿಡಬೇಕಾಗುತ್ತದೆ. ಯಾತಕ್ಕೆಂದರೆ ಕೆಟ್ಟ ನೋಟು ಪುಸ್ತಕದಲ್ಲಿ ಸತ್ತಿರುತ್ತದೆ, ಸಂತೆಯಲ್ಲಿ ಬದುಕಬಲ್ಲದು. ೨೦೧೮ರ ಜನವರಿಯಲ್ಲಿ ದೇವಾಸದ ಮುದ್ರಣಾಲಯದಲ್ಲಿ ಅಧಿಕಾರಿಯೊಬ್ಬ ಕಾವಲು ಪಡೆಯವರ ಕೈಗೆ ಸಿಕ್ಕಿಬಿದ್ದ. ಅವನು ಸಾಗಿಸುತ್ತಿದ್ದದ್ದು ಇಂಥ ತಿರಸ್ಕರಿಸಿದ ನೋಟುಗಳನ್ನೇ.

ಕೆಟ್ಟ ನೋಟಿನ ಬದಲಿಗೆ ಏನು ಹಾಕುತ್ತಾರೆ? ನೂರರ ಕಟ್ಟಿನಲ್ಲಿ ಅಂಕಿಗಳು ಕ್ರಮವಾಗಿರಬೇಕಷ್ಟೆ. ೨೦೦೬ರ ತನಕ, ಕೆಟ್ಟುಹೋದದ್ದರ ಅಂಕಿಯನ್ನೇ ಇನ್ನೊಂದರ ಮೇಲೆ ಹಾಕಿ ಸೇರಿಸಬೇಕಾಗಿತ್ತು. ಅದು ಬಹಳ ಹೊತ್ತು ಹಿಡಿಯುವ ಕೆಲಸ. ಈಗ ಬೇರೊಂದು ಸರಣಿಯ ನೋಟನ್ನು ಅಲ್ಲಿ ಇಡುತ್ತಾರೆ. ಅದರ ಅಕ್ಷರಗಳಿಗೂ ಅಂಕಿಗಳಿಗೂ ನಡುವೆ ಒಂದು ನಕ್ಷತ್ರದ ಗುರುತಿರುತ್ತದೆ. ೨೦೨೩ರಲ್ಲಿ ಈ ನಕ್ಷತ್ರದ ನೋಟುಗಳು ಖೋಟಾ ಎಂಬ ಗುಲ್ಲೆದ್ದಿತು; ರಿಸರ್ವ್ ಬ್ಯಾಂಕು ಅಲ್ಲವೆಂದು ಪ್ರಕಟಿಸಬೇಕಾಯಿತು. ನಮ್ಮಲ್ಲಿಯೂ ಕೆಲವರು ಹೆದರಿ ಕಡಿಮೆಗೆ ಕೊಟ್ಟರೆಂದು ಕೇಳಿದ್ದೇನೆ. ಹಾಗೆ ಮಾಡಬೇಡಿ, ಅದು ಪೂರ್ಣ ಬೆಲೆಯ ನೋಟು.

ಅಂಕಿಯ ಲೆಕ್ಕ ತಪ್ಪಿದರೆ ಏನಾಗುವುದೆಂಬುದಕ್ಕೆ ಪೋರ್ಚುಗಲ್ ದೇಶದಲ್ಲಿ ನಡೆದ ಕಥೆಯೊಂದಿದೆ. ಆಲ್ವೆಸ್ ರೆಯಿಸ್ ಎಂಬ ಗೃಹಸ್ಥ ಸುಳ್ಳು ಕರಾರುಪತ್ರವನ್ನು ಸೃಷ್ಟಿಸಿ, ಪೋರ್ಚುಗಲ್ ಬ್ಯಾಂಕಿನ ಪರವಾಗಿ ಎಂಬಂತೆ, ಲಂಡನ್ನಿನ ವಾಟರ್ಲೋ ಎಂಬ ಮುದ್ರಣ ಸಂಸ್ಥೆಗೆ ಬೇಡಿಕೆ ಕಳುಹಿಸಿದ. ಆ ಸಂಸ್ಥೆ ಅಸಲಿ ನೋಟುಗಳನ್ನೇ ಅಚ್ಚು ಹಾಕುತ್ತಿದ್ದುದು. ಅಸಲಿ ತಗಡುಗಳು ಅದರ ಬಳಿಯೇ ಇದ್ದವು. ೧೯೨೫ರಲ್ಲಿ ಐನೂರು ಎಸ್ಕುಡೊ ಬೆಲೆಯ ಎರಡು ಲಕ್ಷ ನೋಟುಗಳು ಮೊದಲ ಕಂತಿನಲ್ಲಿ ಅಚ್ಚಾಗಿ ಅವನ ಕೈಸೇರಿದವು, ಆಮೇಲೂ ಬಂದವು. ಮೊದಲೇ ಚಲಾವಣೆಯಲ್ಲಿದ್ದ ಅಂಕಿಗಳೇ ಮತ್ತೆ ಬರುತ್ತವಲ್ಲ ಎಂಬ ಸಂಶಯಕ್ಕೂ ಅವನ ಕಡೆಯವರಲ್ಲಿ ಸಮಾಧಾನ ಸಿದ್ಧವಿತ್ತು: ಇವು ಆಫ್ರಿಕದ ಅಂಗೋಲಾ ವಸಾಹತಿಗಾಗಿ, ಆ ಹೆಸರನ್ನು ನಾವು ಮೇಲೆ ಒತ್ತಿಕೊಳ್ಳುತ್ತೇವೆ, ಗೊಂದಲವಾಗದು! ಆ ಹಣದಿಂದ ಅವನು ಒಂದು ಬ್ಯಾಂಕನ್ನೇ ತೆರೆದ. ನೋಟುಗಳನ್ನು ಎಷ್ಟು ಪರೀಕ್ಷಿಸಿದರೂ ತಪ್ಪು ಸಿಗಲಿಲ್ಲ, ಏಕೆಂದರೆ ಕಾಗದ, ಶಾಯಿ, ಅಚ್ಚು ಎಲ್ಲವೂ ಅಸಲಿಯೇ. ಕಡೆಗೆ ಡಿಸೆಂಬರಿನಲ್ಲಿ ಪೋರ್ಟೊ ನಗರದಲ್ಲಿ ನೋಟುಗಳ ಅಂಕಿಗಳನ್ನು ಒಂದೊಂದಾಗಿ ನೋಡುತ್ತ ಕುಳಿತವರಿಗೆ ಒಂದೇ ಅಂಕಿಯ ಎರಡು ನೋಟುಗಳು ಸಿಕ್ಕಿದವು. ಅಷ್ಟರಿಂದ ಇಡೀ ವಂಚನೆ ಬಯಲಾಯಿತು. ಪೋರ್ಚುಗಲ್ ಬ್ಯಾಂಕು ಆ ಬಗೆಯ ನೋಟುಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಂಡು ನಷ್ಟ ಅನುಭವಿಸಿತು. ೧೯೩೨ರಲ್ಲಿ ಇಂಗ್ಲೆಂಡಿನ ಅತ್ಯುನ್ನತ ನ್ಯಾಯಪೀಠ ವಾಟರ್ಲೋ ಸಂಸ್ಥೆ ಆರು ಲಕ್ಷಕ್ಕೂ ಹೆಚ್ಚು ಪೌಂಡು ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಬೇಡಿಕೆ ಕೊಟ್ಟವನು ಯಾರೆಂದು ನೇರವಾಗಿ ಬ್ಯಾಂಕನ್ನೇ ಕೇಳಿ ಖಚಿತ ಮಾಡಿಕೊಳ್ಳದೆ ಇದ್ದುದರ ಬೆಲೆ ಅದು.

ನಮ್ಮಲ್ಲಿ ಬೇಡಿಕೆ ಕೊಡುವವರು ಯಾರು? ಕಾಯಿದೆಯಂತೆ ನೋಟು ಹೊರಡಿಸುವ ಹಕ್ಕು ರಿಸರ್ವ್ ಬ್ಯಾಂಕಿನದು. ಅದರ ರೂಪ, ವಿನ್ಯಾಸ, ಕಾಗದಗಳಿಗೆ ಬ್ಯಾಂಕಿನ ಮಂಡಲಿ ಶಿಫಾರಸು ಮಾಡಿ ಕೇಂದ್ರ ಸರ್ಕಾರ ಒಪ್ಪಬೇಕು. ಹಿಂಭಾಗದ ಭಾಷಾಪಟ್ಟಿಯಲ್ಲಿ ಹದಿನೈದು ಭಾಷೆಗಳಿವೆ. ಮೇಲಿನಿಂದ ನಾಲ್ಕನೆಯ ಸಾಲು ಕನ್ನಡ. ೨೦೧೭ರಿಂದ ಬಂದ ಐವತ್ತರ ಬೆನ್ನಿಗೆ ಹಂಪಿಯ ಕಲ್ಲಿನ ರಥವೂ ಉಂಟು. ಯಾವ ಬೆಲೆಯ ನೋಟು ಎಷ್ಟು ಬೇಕೆಂದು ಪ್ರತಿವರ್ಷ ಲೆಕ್ಕ ಹಾಕುತ್ತಾರೆ: ವ್ಯವಹಾರ ಎಷ್ಟು ಬೆಳೆದೀತು, ಎಷ್ಟು ನೋಟು ಹಳತಾಗಿ ಹಿಂದಿರುಗಿ ಸುಟ್ಟಂತಾದೀತು, ಕೈಯಲ್ಲಿ ಎಷ್ಟು ಶಿಲ್ಕು ಉಳಿದಿರಬೇಕು. ಅದರಂತೆ ನಾಲ್ಕೂ ಮುದ್ರಣಾಲಯಗಳಿಗೆ ಬೇಡಿಕೆ ಹೋಗುತ್ತದೆ. ೨೦೨೩-೨೪ರಲ್ಲಿ ಮುದ್ರಣಕ್ಕೆ ಆದ ವೆಚ್ಚ ಸುಮಾರು ೫,೧೦೧ ಕೋಟಿ ರೂಪಾಯಿ.

ಹಿರಿಯರ ಎರಡನೆಯ ಪ್ರಶ್ನೆಗೆ ಈಗ ಬರೋಣ. ಅಚ್ಚಾಗಿ, ಅಂಕಿ ಬಿದ್ದು, ಪೆಟ್ಟಿಗೆ ಸೇರಿದ ನೋಟು ಹಣವಲ್ಲ! ಅದು ಇನ್ನೂ ಸರಕು. ಕಾವಲಿನೊಡನೆ ರೈಲಿನಲ್ಲಿಯೋ ಲಾರಿಯಲ್ಲಿಯೋ ರಿಸರ್ವ್ ಬ್ಯಾಂಕಿನ ಕಚೇರಿಗಳಿಗೆ, ಅಲ್ಲಿಂದ ಬೇರೆ ಬೇರೆ ಬ್ಯಾಂಕುಗಳ ಶಾಖೆಗಳಲ್ಲಿರುವ ಕರೆನ್ಸಿ ಚೆಸ್ಟುಗಳಿಗೆ ಹೋಗುತ್ತದೆ. ದೇಶದಲ್ಲಿ ಇಂಥ ಚೆಸ್ಟುಗಳು ಎರಡೂವರೆ ಸಾವಿರಕ್ಕೂ ಹೆಚ್ಚಿವೆ. ಒಬ್ಬನೇ ತೆರೆಯಲಾಗದಂತೆ ಇಬ್ಬರ ಬಳಿ ಬೀಗದ ಕೈ. ಚೆಸ್ಟಿನೊಳಗಿನ ನೋಟು ಆ ಶಾಖೆಯದಲ್ಲ, ರಿಸರ್ವ್ ಬ್ಯಾಂಕಿನದು. ಶಾಖೆಯವರು ಅದರಿಂದ ಒಂದು ಕೋಟಿ ಹೊರತೆಗೆದರೆ ರಿಸರ್ವ್ ಬ್ಯಾಂಕಿನಲ್ಲಿರುವ ಅವರ ಖಾತೆಯಿಂದ ಒಂದು ಕೋಟಿ ಖರ್ಚು ಬೀಳುತ್ತದೆ. ನೋಟು ಹಣವಾಗುವುದು ಆ ಗಳಿಗೆಯಲ್ಲಿ.

ಹಾಗೆ ಹಣವಾದಾಗ ಅದು ರಿಸರ್ವ್ ಬ್ಯಾಂಕಿನ ಸಾಲವಾಗುತ್ತದೆ. ನೋಟಿನ ಮೇಲೆ ಗವರ್ನರರು, ಧಾರಕನಿಗೆ ಇಷ್ಟು ರೂಪಾಯಿ ಕೊಡುತ್ತೇನೆಂದು ವಚನವಿತ್ತು ರುಜು ಹಾಕಿರುವುದು ಅದಕ್ಕೇ. ಪುಸ್ತಕದ ಒಂದು ಮಗ್ಗುಲಲ್ಲಿ ಹೊರಗೆ ಹೋದ ನೋಟುಗಳ ಮೊತ್ತ, ಅಂದರೆ ೨೦೨೪ರ ಮಾರ್ಚ್ ಕೊನೆಗೆ ಸುಮಾರು ೩೪.೭೮ ಲಕ್ಷ ಕೋಟಿ ರೂಪಾಯಿ. ಇನ್ನೊಂದು ಮಗ್ಗುಲಲ್ಲಿ ಅಷ್ಟೇ ಬೆಲೆಯ ಚಿನ್ನ, ವಿದೇಶೀ ಸಾಲಪತ್ರಗಳು, ನಮ್ಮ ಸರ್ಕಾರದ ಸಾಲಪತ್ರಗಳು ಮುಂತಾದ ಆಸ್ತಿ. ಎರಡೂ ಸರಿಹೋಗಬೇಕು. ಹಾಗಾದರೆ ಸರ್ಕಾರ ತನ್ನ ಸಾಲಪತ್ರಗಳನ್ನೇ ರಾಶಿರಾಶಿಯಾಗಿ ಬರೆದುಕೊಟ್ಟು ನೋಟು ಪಡೆಯಬಹುದಲ್ಲವೇ ಎಂದರೆ, ಪಡೆಯಬಹುದು. ಜರ್ಮನಿ ಅದನ್ನು ಮಾಡಿ ನೋಡಿತು. ೧೯೨೩ರಲ್ಲಿ ಅಲ್ಲಿ ನೂರಕ್ಕೂ ಹೆಚ್ಚು ಮುದ್ರಣಾಲಯಗಳು, ಸುಮಾರು ಮೂವತ್ತು ಕಾಗದದ ಗಿರಣಿಗಳು ನೋಟಿಗಾಗಿಯೇ ಹಗಲಿರುಳು ದುಡಿದವು. ಆ ನವೆಂಬರಿನಲ್ಲಿ ಒಂದು ಡಾಲರಿಗೆ ೪.೨ ಲಕ್ಷ ಕೋಟಿ ಮಾರ್ಕುಗಳಾದವು. ಜಿಂಬಾಬ್ವೆಯಲ್ಲಿ ೨೦೦೯ರ ಜನವರಿಯಲ್ಲಿ ನೂರು ಲಕ್ಷ ಕೋಟಿ ಡಾಲರಿನ ಒಂದು ನೋಟು ಬಂತು. ಅದರಿಂದ ಯಾರೂ ಕೋಟ್ಯಧೀಶರಾಗಲಿಲ್ಲ. ರೊಟ್ಟಿ ಅಷ್ಟೇ ಇದ್ದು ನೋಟು ಇಮ್ಮಡಿಯಾದರೆ ರೊಟ್ಟಿಯ ಬೆಲೆ ಏರುತ್ತದೆ. ದಿನಗೂಲಿಯವನ ಪಗಾರ ಆ ಬೆಲೆಯ ಹಿಂದೆ ಓಡಿ ಓಡಿ ಎಂದೂ ಮುಟ್ಟುವುದಿಲ್ಲ. ಕಾಕಾ, ನಿಮ್ಮ ಪಗಾರವನ್ನು ನೋಟಿನ ಯಂತ್ರ ಹೆಚ್ಚಿಸಿಕೊಡಲಾರದು. ಅದನ್ನು ಮೇಸ್ತ್ರಿಯ ಬಳಿಯೇ ಕೇಳಬೇಕು.

ಲೆಕ್ಕವಿಲ್ಲದೆ ಅಚ್ಚು ಹಾಕುವುದು ಒಂದು ಬಗೆಯ ತಪ್ಪಾದರೆ, ಯಂತ್ರದ ಶಕ್ತಿಯನ್ನು ಎಣಿಸದೆ ನೋಟನ್ನು ರದ್ದು ಮಾಡುವುದು ಇನ್ನೊಂದು ಬಗೆ. ೨೦೧೬ರ ನವೆಂಬರ್ ೮ರ ರಾತ್ರಿಯನ್ನು ನಮ್ಮಲ್ಲಿ ಯಾರು ಮರೆತಾರು? ಅಂದು ರದ್ದಾದ ಐನೂರರ ನೋಟುಗಳು ಸುಮಾರು ೧,೭೧೬ ಕೋಟಿ. ಸಾವಿರದವು ಸುಮಾರು ೬೮೬ ಕೋಟಿ. ಕೂಡಿಸಿದರೆ ೨,೪೦೨ ಕೋಟಿ ನೋಟುಗಳು, ೧೫.೪ ಲಕ್ಷ ಕೋಟಿ ರೂಪಾಯಿ. ಚಲಾವಣೆಯಲ್ಲಿದ್ದ ಹಣದಲ್ಲಿ ನೂರಕ್ಕೆ ಎಂಬತ್ತಾರು ಪಾಲು ಅದು. (೧೯೪೬ರಲ್ಲಿಯೂ ೧೯೭೮ರಲ್ಲಿಯೂ ದೊಡ್ಡ ನೋಟುಗಳು ರದ್ದಾದದ್ದುಂಟು, ಆದರೆ ಆ ಕಾಲದ ಸಾವಿರದ ನೋಟನ್ನು ಕೂಲಿಕಾರ ಕಣ್ಣಿನಿಂದಲೂ ಕಂಡಿರಲಿಲ್ಲ.) ಈಗ ಹಿಂದೆ ಹೇಳಿದ ಅಂಕಿಯನ್ನು ತೆಗೆದುಕೊಳ್ಳಿ: ಮೈಸೂರು, ಸಾಲ್ಬೋನಿ ಕೂಡಿ ವರ್ಷಕ್ಕೆ ೧,೬೦೦ ಕೋಟಿ. ರದ್ದಾದ ಹಣವನ್ನೆಲ್ಲ ಐನೂರರ ನೋಟುಗಳಲ್ಲೇ ತುಂಬಬೇಕಾದರೆ ೩,೦೮೦ ಕೋಟಿ ನೋಟುಗಳು ಬೇಕು. ಆ ಎರಡು ಮುದ್ರಣಾಲಯಗಳಿಗೆ ಅದು ಹತ್ತಿರ ಹತ್ತಿರ ಎರಡು ವರ್ಷದ ಕೆಲಸ. ನಾಸಿಕ, ದೇವಾಸಗಳನ್ನು ಸೇರಿಸಿ, ಮೂರನೆಯ ಪಾಳಿಯನ್ನು ಹಾಕಿದರೂ ತಿಂಗಳುಗಳ ಮಾತೇ ಹೊರತು ದಿನಗಳದ್ದಲ್ಲ. ಎರಡು ಸಾವಿರದ ನೋಟಿನಲ್ಲಾದರೆ ೭೭೦ ಕೋಟಿ ಸಾಕು. ಆ ಗುಲಾಬಿ ಬಣ್ಣದ ನೋಟು ಮೊದಲು ಬಂದುದರ ಗುಟ್ಟು ಈ ಭಾಗಾಕಾರದಲ್ಲಿದೆ. ಹಣದ ಅವಶ್ಯಕತೆಯನ್ನು ಬೇಗ ಪೂರೈಸಲು ಅದನ್ನು ತಂದೆವೆಂದು ರಿಸರ್ವ್ ಬ್ಯಾಂಕೂ ೨೦೨೩ರಲ್ಲಿ ಅದನ್ನು ಹಿಂತೆಗೆದುಕೊಳ್ಳುವಾಗ ಹೇಳಿತು.

ಆದರೆ ಎರಡು ಸಾವಿರದ ನೋಟು ಹಿಡಿದು ವಡಾಪಾವ್ ತಿನ್ನುವುದು ಹೇಗೆ? ಚಿಲ್ಲರೆ ಎಲ್ಲಿ? ಹೊಸ ನೋಟುಗಳ ಅಳತೆ ಬೇರೆಯಾದ್ದರಿಂದ ದೇಶದ ಸುಮಾರು ಎರಡು ಲಕ್ಷ ಎಟಿಎಂ ಯಂತ್ರಗಳನ್ನು ಒಂದೊಂದಾಗಿ ಬಿಚ್ಚಿ ಸರಿಪಡಿಸಬೇಕಾಯಿತು. ವಾಯುಪಡೆಯ ವಿಮಾನಗಳು ನೋಟು ಹೊತ್ತವು. ಬ್ಯಾಂಕಿನಲ್ಲಿ ಬದಲಿಸಿಕೊಳ್ಳುವ ಮಿತಿ ನಾಲ್ಕು ಸಾವಿರವಿದ್ದದ್ದು ನಾಲ್ಕೂವರೆಗೆ ಏರಿ, ಎರಡಕ್ಕೆ ಇಳಿದು, ನವೆಂಬರ್ ಮುಗಿಯುವುದರೊಳಗೆ ನಿಂತೇ ಹೋಯಿತು. ಒಬ್ಬರೇ ಎರಡು ಸಲ ಬರಬಾರದೆಂದು ಬೆರಳಿಗೆ ಹಚ್ಚಿದ ಅಳಿಸದ ಶಾಯಿಯೂ ಮೈಸೂರಿನದೇ, ಚುನಾವಣೆಯದು. ನಮ್ಮ ಪೇಟ ಕಟ್ಟುವ ಮುದುಕರು ಅದನ್ನು ನೋಡಿ "ಯಾರಿಗೆ ಓಟ ಹಾಕಿದಂಗಾತ್ರೀ?" ಎಂದು ಕೇಳಿದ್ದು ನೆನಪಿದೆ. ನಗೆಯ ಹಿಂದೆ ನೋವಿತ್ತು. ಒಬ್ಬ ಗುತ್ತಿಗೆದಾರ ಆ ವಾರ ತನ್ನ ಆಳುಗಳಿಗೆ ಹಳೆಯ ಐನೂರುಗಳನ್ನೇ ಪಗಾರವೆಂದು ಹಂಚಿದ. ಅವನಿಗೆ ಸಾಲಿನಲ್ಲಿ ನಿಲ್ಲುವುದು ತಪ್ಪಿತು. ಹನ್ನೊಂದು ಮಂದಿಗೆ ತಲಾ ಎರಡು ದಿನದ ಕೂಲಿ ಸಾಲಿನಲ್ಲಿಯೇ ಕಳೆಯಿತು. ಅವರ ಅರ್ಜಿಗಳನ್ನು ತುಂಬಿಕೊಟ್ಟವನು ನಾನು, ಆದುದರಿಂದ ಸಂಖ್ಯೆ ಗೊತ್ತು. ರದ್ದಾದುದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲಿಗೂ ಹೆಚ್ಚು ಬ್ಯಾಂಕುಗಳಿಗೆ ಹಿಂದಿರುಗಿತೆಂದು ೨೦೧೮ರಲ್ಲಿ ಪ್ರಕಟವಾಯಿತು. ಹಿಂದಿನ ವರ್ಷ ೩,೪೨೧ ಕೋಟಿ ಇದ್ದ ಮುದ್ರಣದ ವೆಚ್ಚ ೨೦೧೬-೧೭ರಲ್ಲಿ ೭,೯೬೫ ಕೋಟಿಯಾಯಿತು.

ಕೊನೆಗೆ ನೋಟಿನ ಮರಣ. ಹಳತಾದ ನೋಟು ಚೆಸ್ಟಿನ ಮೂಲಕ ಬಂದ ದಾರಿಯಲ್ಲೇ ರಿಸರ್ವ್ ಬ್ಯಾಂಕಿಗೆ ಹಿಂದಿರುಗುತ್ತದೆ. ಅಲ್ಲಿನ ಯಂತ್ರಗಳು ಗಂಟೆಗೆ ಐವತ್ತು ಅರವತ್ತು ಸಾವಿರ ನೋಟುಗಳನ್ನು ಎಣಿಸಿ, ಅಸಲಿ-ಖೋಟಾ ನೋಡಿ, ಬಳಕೆಗೆ ಬರುವುದನ್ನು ಬೇರೆ ಮಾಡಿ, ಉಳಿದುದನ್ನು ಅಲ್ಲಿಯೇ ಚೂರು ಚೂರು ಮಾಡಿ ಇಟ್ಟಿಗೆಯಂತೆ ಒತ್ತಿ ಹೊರಹಾಕುತ್ತವೆ. ೨೦೨೩-೨೪ರಲ್ಲಿ ಹೀಗೆ ಎರಡು ಸಾವಿರ ಕೋಟಿಗೂ ಹೆಚ್ಚು ನೋಟುಗಳು ತೀರಿದವು. ಎಷ್ಟು ಸತ್ತವೋ ಅಷ್ಟನ್ನು ಹೊಸದಾಗಿ ಅಚ್ಚು ಹಾಕಬೇಕು. ಆದುದರಿಂದ ನೋಟಿನ ಮೇಲೆ ಬರೆಯುವುದು, ಪಿನ್ನು ಚುಚ್ಚುವುದು, ಬೆವರಿನ ಸೊಂಟದ ಚೀಲದಲ್ಲಿ ಮಡಿಚಿ ತುರುಕುವುದು ಬೇಡ.

ಹಿರಿಯರ ಹರಿದ ನೂರಕ್ಕೆ ನಿಯಮ ಹೀಗಿದೆ. ಐವತ್ತು ಮತ್ತು ಅದಕ್ಕೆ ಮೇಲಿನ ನೋಟುಗಳಲ್ಲಿ, ಉಳಿದ ಒಂದೇ ದೊಡ್ಡ ತುಂಡು ನೋಟಿನ ವಿಸ್ತೀರ್ಣದ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚಿದ್ದರೆ ಪೂರ್ಣ ಬೆಲೆ. ನಲವತ್ತರಿಂದ ಎಂಬತ್ತರವರೆಗಿದ್ದರೆ ಅರ್ಧ. ನಲವತ್ತಕ್ಕೂ ಕಡಿಮೆಯಾದರೆ ಏನೂ ಇಲ್ಲ. ಇಪ್ಪತ್ತು ಮತ್ತು ಅದಕ್ಕೆ ಕೆಳಗಿನವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಪೂರ್ಣ ಬೆಲೆ, ಇಲ್ಲವಾದರೆ ಇಲ್ಲ. ಬೇಕೆಂದು ಕತ್ತರಿಸಿದ್ದಕ್ಕೂ ರಾಜಕೀಯದ ಘೋಷಣೆ ಬರೆದದ್ದಕ್ಕೂ ಹಣ ಸಿಗದು. ಯಾವ ಬ್ಯಾಂಕಿನ ಶಾಖೆಯಾದರೂ ಬದಲಿಸಿ ಕೊಡಬೇಕು. ಅಲ್ಲಿ ನಿಮ್ಮ ಖಾತೆ ಇರಲೇಬೇಕೆಂದಿಲ್ಲ. ಹೊಸ ನೂರರ ನೋಟು ೧೪೨ ಮಿಲಿಮೀಟರು ಉದ್ದ, ೬೬ ಅಗಲ. ಸುಮಾರು ೯೪ ಚದರ ಸೆಂಟಿಮೀಟರು. ಪೂರ್ಣ ಬೆಲೆಗೆ ೭೫ ಇರಬೇಕು. ಹಿರಿಯರ ನೋಟಿನಲ್ಲಿ ಹೋದ ಮೂಲೆಯನ್ನು ವಾಚನಾಲಯದ ಸ್ಕೇಲಿನಿಂದ ಅಳೆದೆವು: ಮೂರು ಸೆಂಟಿಮೀಟರು ಒಂದು ಕಡೆ, ನಾಲ್ಕು ಇನ್ನೊಂದು ಕಡೆ, ಚೌಕವೆಂದೇ ಹಿಡಿದರೂ ಹೋದದ್ದು ಹನ್ನೆರಡು, ಉಳಿದದ್ದು ಎಂಬತ್ತೆರಡು. ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಸೋಮವಾರ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅವರು ಹತ್ತಿರದ ಶಾಖೆಗೆ ಹೋಗಿ ನೂರು ರೂಪಾಯಿಯನ್ನು ಇಡಿಯಾಗಿ ತಂದರು.